ಶಿವರಾಮ ಕಾರಂತರೂ ಯಕ್ಷಗಾನವೂ
(ಉಪನ್ಯಾಸದ ಪಾಠ)



ಪೂರ್ವಿಕರ ಕಲೆಯನ್ನು ರಕ್ಷಿಸುವುದೆಂದರೆ ಇದ್ದುದನ್ನು ಇದ್ದಂತೆಯೇ ಇಡುವುದೋ, ಅಥವಾ ಅದರಲ್ಲಿ ಬೆಳೆದ ಕಳೆಯನ್ನು ಕೀಳುವುದೋ? ಈ ಪ್ರಶ್ನೆಗೆ ಬರಿಯ ಬಾಯಿಮಾತಿನಿಂದಲ್ಲ, ರಂಗದ ಮೇಲೆಯೇ ಉತ್ತರಕೊಡಲೆತ್ನಿಸಿದವರು ಕೋಟ ಶಿವರಾಮ ಕಾರಂತರು. ಕಾದಂಬರಿಕಾರರೆಂದು ಅವರನ್ನು ಅರಿಯದ ಕನ್ನಡಿಗರಿಲ್ಲ. ಆದರೆ ನಿರ್ದೇಶಕರಾಗಿ, ನೃತ್ಯಸಂಯೋಜಕರಾಗಿ ಅವರು ಪಟ್ಟ ಶ್ರಮವನ್ನು ಬಲ್ಲವರು ಕಡಮೆ. ಆದುದರಿಂದ ಅದನ್ನೇ ಇಂದು ತಮ್ಮ ಮುಂದಿಡಬಯಸುತ್ತೇವೆ.

ಕಾರಂತರು ಜನಿಸಿದುದು ೧೯೦೨ರಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕೋಟದಲ್ಲಿ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಮುಂದೆ ಪುತ್ತೂರಿನಲ್ಲಿ ನೆಲೆಸಿ ನಾಟಕ, ಗೀತನಾಟಕ, ನೃತ್ಯಗಳಲ್ಲಿ ಒಂದರ ಮೇಲೊಂದು ಪ್ರಯೋಗ ನಡೆಸಿದರು. ಕೊನೆಗೆ ಅವರ ಮನಸ್ಸು ನಿಂತುದು ತಮ್ಮ ಊರಿನ ಬಯಲಾಟದಲ್ಲಿ.

ತಿದ್ದುವ ಮುನ್ನ ಅವರು ತಿಳಿದುಕೊಂಡರೆಂಬುದನ್ನು ನಾವು ಒತ್ತಿ ಹೇಳಬೇಕು. ಹಳೆಯ ಪ್ರಸಂಗಗಳ ಪ್ರತಿಗಳನ್ನು ಅರಸಿದರು. ಹಿರಿಯ ಭಾಗವತರ ಹಾಡನ್ನು ಆಲಿಸಿದರು. ಬಳಕೆ ತಪ್ಪಿದ ರಾಗಗಳನ್ನು ಗುರುತಿಸಿದರು. ಇದರ ಫಲವೇ ೧೯೫೭ರ 'ಯಕ್ಷಗಾನ ಬಯಲಾಟ' ಎಂಬ ಗ್ರಂಥ. ೧೯೫೯ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಅನಂತರ ಅವರ ಕತ್ತರಿ ಹರಿತವಾಗಿಯೇ ಆಡಿತು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ವೇಷಧಾರಿಗಳ ಆಶುಮಾತನ್ನು ಬಿಡಿಸಿ, ಕಥೆಯ ಭಾರವನ್ನೆಲ್ಲ ಪದ್ಯ, ರಾಗ, ಹೆಜ್ಜೆ, ಅಭಿನಯಗಳ ಮೇಲೆ ಹೊರಿಸಿದರು. ಚೆಂಡೆಮದ್ದಳೆಗಳ ಜೊತೆಗೆ ಪಿಟೀಲು, ಸ್ಯಾಕ್ಸೊಫೋನುಗಳನ್ನೂ ಕೂಡಿಸಿದರು. ವೃದ್ಧಾಪ್ಯದಲ್ಲಿಯೂ ತಾವೇ ಕುಣಿದು ತೋರಿಸಿದರು. ೧೯೭೧ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ ಯಕ್ಷಗಾನ ಕೇಂದ್ರಕ್ಕೆ ಅವರ ಮಾರ್ಗದರ್ಶನ ದೊರೆಯಿತು. ಅವರ 'ಯಕ್ಷರಂಗ' ತಂಡವು ಪರದೇಶಗಳಲ್ಲಿಯೂ ಆಡಿತು.

ಇದಕ್ಕೆ ಆಕ್ಷೇಪವಿಲ್ಲದಿರಲಿಲ್ಲ. ಅರ್ಥಗಾರಿಕೆಯೇ ಯಕ್ಷಗಾನದ ಜೀವ, ಮಾತನ್ನು ತೆಗೆದರೆ ಉಳಿಯುವುದೇನೆಂಬುದು ಪ್ರತಿಪಕ್ಷದ ವಾದ. ವಕೀಲರಾದ ನಾವು ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾರೆವು. ಶಾಲೆಯ ಮುಖವನ್ನೇ ಕಾಣದ ಒಕ್ಕಲಿಗನಿಗೆ ಪುರಾಣವನ್ನೂ ತರ್ಕವನ್ನೂ ಶುದ್ಧ ಕನ್ನಡವನ್ನೂ ಕಲಿಸಿದುದು ಆ ಮಾತೇ. ಮೇಲಾಗಿ, ಕನ್ನಡವರಿಯದವರೂ ಸವಿಯುವಂತಹ ಆಟವನ್ನು ಕಟ್ಟಲು ಕನ್ನಡದ ಮಾತನ್ನೇ ತೆರುವುದು ಸಣ್ಣ ಬೆಲೆಯಲ್ಲ.

ಆದರೂ ನಮ್ಮ ತೀರ್ಪು ಕಾರಂತರ ಕಡೆಗೇ ವಾಲುತ್ತದೆ. ಅವರು ಬಯಲಾಟದ ಮೇಳಗಳನ್ನು ಮುಚ್ಚಿಸಲಿಲ್ಲ. ಮಾತಿನ ಆಟವು ಕರಾವಳಿಯ ಗದ್ದೆಬಯಲುಗಳಲ್ಲಿ ಇಂದಿಗೂ ನಡೆಯುತ್ತಿದೆ. ಅದರ ಪಕ್ಕದಲ್ಲಿ ಇನ್ನೊಂದು ರೂಪವನ್ನು ನಿಲ್ಲಿಸಿ, ಹಾಡು ಕುಣಿತಗಳಿಗೆ ಎಷ್ಟು ಶಕ್ತಿಯುಂಟೆಂದು ತೋರಿದರು. ಅವರು ೧೯೯೭ರಲ್ಲಿ ತೀರಿಕೊಂಡರು. ಪ್ರಶ್ನೆ ಮಾತ್ರ ತೀರಿಲ್ಲ.

ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ: ಮಕ್ಕಳಿಗೆ ಎರಡು ಬಗೆಯ ಆಟವನ್ನೂ ತೋರಿಸಿರಿ. ತಿದ್ದುವ ಅಧಿಕಾರವು ತಿಳಿದವನಿಗೆ ಮಾತ್ರ ಸಲ್ಲುವುದೆಂಬ ಕಾರಂತರ ಪಾಠವನ್ನು ಅವರು ತಾವಾಗಿಯೇ ಕಲಿಯಲಿ.