ಕಾರು ಹಳ್ಳಕ್ಕಿಳಿದರೆ ಬಾಗಿಲೇಕೆ ಕಚ್ಚಿಕೊಳ್ಳುತ್ತದೆ?

ಹಳೇ ಕಾಲದ ದೊಡ್ಡ ಕಾರು ಇಟ್ಟುಕೊಂಡ ಕೇಳುಗರು ಒಬ್ಬರಾದ ಮೇಲೊಬ್ಬರು ಇದನ್ನೇ ಬರೆಯುತ್ತಿದ್ದಾರೆ: ಒಂದು ಚಕ್ರ ಹಳ್ಳಕ್ಕಿಳಿದರೆ ಸಾಕು, ಬಾಗಿಲು ಕಚ್ಚಿಕೊಳ್ಳುತ್ತದೆ, ಬಾಡಿಯ ಮರ ಕಿರುಗುಟ್ಟುತ್ತದೆ, ಚಾಸಿಗೆ ಇನ್ನಷ್ಟು ದಪ್ಪನೆಯ ಪ್ಲೇಟು ಹೊಡೆಸಲೇ?

ಈ ದಪ್ಪದ ಹುಚ್ಚು ಯಾವಾಗ ಬಿಡುತ್ತದೋ! ಭಾರಕ್ಕೆ ಬಗ್ಗುವುದು ಬೇರೆ, ತಿರುಚಿಕೊಳ್ಳುವುದು ಬೇರೆ. ಒಂದು ಚಕ್ರ ಹಳ್ಳಕ್ಕಿಳಿದಾಗ ಚಾಸಿ ತಿರುಚಿಕೊಳ್ಳುತ್ತದೆ, ಅದರ ಜೊತೆ ಬಾಗಿಲ ಚೌಕಟ್ಟೂ ಓರೆಯಾಗುತ್ತದೆ. ಸಿಲ್ವರ್ ಘೋಸ್ಟ್ ಕಾರಿನ ಕಾಲದಲ್ಲಿ ರೋಲ್ಸ್-ರಾಯ್ಸ್ ಕಂಪನಿ ಬರೀ ಚಾಸಿ ಮಾರುತ್ತಿತ್ತು. ಮೇಲಿನ ಬಾಡಿ ಬಾರ್ಕರ್, ಹೂಪರ್ ಮುಂತಾದವರ ಕೈಕೆಲಸ. ಆ ಚಾಸಿಯ ಉದ್ದನೆಯ ಎರಡು ತೊಲೆಗಳೂ ಒಂದು ಪಕ್ಕ ಬಾಯಿ ತೆರೆದ ಚಾನೆಲ್‌ಗಳು. ಎಷ್ಟು ಭಾರ ಹೇರಿದರೂ ಹೊರುತ್ತವೆ, ತಿರುಚಿದರೆ ಸೋಲುತ್ತವೆ.

ಒಂದು ಕಾಗದ ಸುತ್ತಿ ಕೊಳವೆ ಮಾಡಿ ತಿರುಚಿ ನೋಡಿ, ಅಂಚು ಜಾರುತ್ತದೆ. ಅಂಚಿಗೆ ಉದ್ದಕ್ಕೂ ಅಂಟು ಹಚ್ಚಿ. ಅದೇ ಕಾಗದ, ಜಪ್ಪಯ್ಯ ಅಂದರೂ ತಿರುಚದು. ಲೆಕ್ಕ ಬೇಕೆ? 100 ಮಿಲಿಮೀಟರ್ ಎತ್ತರ, 50 ಅಗಲ, 4 ದಪ್ಪದ ಚಾನೆಲ್ ತೆಗೆದುಕೊಳ್ಳಿ. ದಪ್ಪ ಇಮ್ಮಡಿಸಿದರೆ ತಿರುಚನ್ನು ತಡೆಯುವ ಬಿಗಿ ಸುಮಾರು 8 ಪಟ್ಟು. ತೆರೆದ ಬಾಯಿಗೆ ಅದೇ 4 ಮಿಲಿಮೀಟರ್ ಪ್ಲೇಟು ಮುಚ್ಚಿದರೆ 200 ಪಟ್ಟಿಗೂ ಹೆಚ್ಚು! ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಬಾಯಿ ಮುಚ್ಚಿದೆಯೇ ಅಂತ ನೋಡಿ, ದಪ್ಪ ಆಮೇಲೆ ಅಳೆಯಿರಿ.

ಹಾಗೆಂದು ನಾಳೆಯೇ ವೆಲ್ಡಿಂಗ್ ಶಾಪಿಗೆ ಓಡಬೇಡಿ. ನಾನು ಕಂಡ ಒಂದು ಕಾರಿನಲ್ಲಿ ಎಂಜಿನ್ನಿನಿಂದ ಮುಂದಿನ ಸೀಟಿನವರೆಗೆ ಮಾತ್ರ ಮುಚ್ಚಿದ್ದರು. ಪ್ಲೇಟು ಮುಗಿದ ಕಡೆಯೇ, ಕೆಳ ಅಂಚಿನಲ್ಲಿ, ಉಗುರಿಗೆ ಸಿಗುವಂಥ ಬಿರುಕು. ಮುಚ್ಚಿದ ಭಾಗ ಅಲುಗದಿದ್ದಾಗ ಅದರ ಪಾಲಿನ ತಿರುಚೂ ಪಕ್ಕದ ತೆರೆದ ಭಾಗದ ತಲೆಗೇ ಬರುತ್ತದೆ. ಹಾಗಾಗಿ ಪ್ಲೇಟನ್ನು ಥಟ್ಟನೆ ನಿಲ್ಲಿಸದೆ ಕಿರಿದಾಗಿಸುತ್ತ ಮುಗಿಸಬೇಕು. ನೀರಿಳಿಯಲು ತೂತೂ ಬೇಕು, ಇಲ್ಲದಿದ್ದರೆ ಒಳಗಿಂದಲೇ ತುಕ್ಕು.

ಕಂಪನಿಗಳು ಬೇರೆ ದಾರಿಗಳನ್ನೂ ಹಿಡಿದವು. 1922ರ ಲಾನ್ಸಿಯಾ ಲ್ಯಾಂಬ್ಡಾದಲ್ಲಿ ಬಾಡಿಯೇ ಚಾಸಿ. 1936ರ ರೋಲ್ಸ್-ರಾಯ್ಸ್ ಫ್ಯಾಂಟಮ್ 3ರ ಚಾಸಿಯ ನಡುವೆ ಕತ್ತರಿಯಾಕಾರದ ತೊಲೆ. ಚಾಸಿ ತಿರುಚಬೇಕಾದರೆ ಕತ್ತರಿಯ ಕಾಲುಗಳು ಬಗ್ಗಲೇಬೇಕು, ಅವು ಸುಲಭಕ್ಕೆ ಬಗ್ಗವು. ವೇಮನ್ ಎಂಬಾತ ಚಾಸಿಯ ತಂಟೆಗೇ ಹೋಗದೆ, ಬಾಡಿಯೇ ಅದರ ಜೊತೆ ಓಲಾಡುವಂತೆ ಬಟ್ಟೆ ಹೊದೆಸಿ ಕಟ್ಟಿದ.

ಸಮಯ ಮುಗಿಯುತ್ತಿದೆ. ನಿಮ್ಮ ಕಾರಿನಲ್ಲಿ ಅಡ್ಡತೊಲೆ ಸೇರುವ ಕಡೆ ಬಗ್ಗಿ ನೋಡಿ. ರಿವೆಟ್ ತಲೆಯ ಸುತ್ತ ಕೆಂಪು ಪುಡಿ ಕಂಡರೆ ಅದು ಸಡಿಲಾಗಿದೆ. ಮೊದಲು ಹೊಸ ರಿವೆಟ್ ಹೊಡೆಸಿ, ಬಾಗಿಲು ಸರಿಹೋಯಿತೇ ನೋಡಿ. ವೆಲ್ಡಿಂಗ್ ಮಾತು ಆಮೇಲೆ.