ನರ್ಸುಗಳ ತರಬೇತಿಯಲ್ಲಿ ನಮ್ಮ ನಮ್ಮ ಕತೆ



ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ಅವರಿಗೆ ನಾನು ಕಲಿಸಬೇಕಾಗಿಲ್ಲ. "ಬಚ್ಚಲಲ್ಲಿ ಜಾರಿ ಬಿದ್ದೆ" ಎನ್ನುವ ಹೆಂಗಸಿನ ಎದುರು ಹೇಗೆ ಕೂರಬೇಕು, ಏನು ಕೇಳಬೇಕು ಎಂಬುದನ್ನು ಮಾತ್ರ ಕರಿಹಲಗೆಯ ಮೇಲೆ ಬರೆದು ಕಲಿಸಲಾಗದು.

ಅದಕ್ಕೇ ಮೊದಲ ದಿನ ನಾವು ಕಾನೂನಿನ ಪುಸ್ತಕ ತೆರೆಯುವುದಿಲ್ಲ. ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತೇವೆ. ಒಬ್ಬಳು ತನ್ನ ಬದುಕಿನದೇ ಒಂದು ಘಟನೆಯನ್ನು ಐದು ನಿಮಿಷ ಹೇಳಬೇಕು. ಇನ್ನೊಬ್ಬಳು ಬುದ್ಧಿ ಹೇಳಬಾರದು, "ನಮ್ಮನೇಲೂ ಹೀಗೇ ಆಯ್ತು" ಅಂತ ಬಾಯಿ ಹಾಕಬಾರದು. ಆಮೇಲೆ ಕೇಳಿಸಿಕೊಂಡದ್ದನ್ನು ಅವಳಿಗೇ ತಿರುಗಿ ಹೇಳಬೇಕು. ಏನು ಬಿಟ್ಟುಹೋಯಿತೆಂದು ತಿದ್ದುವವಳು ಕತೆ ಹೇಳಿದವಳೇ.

ಮೊದಲು ಹೇಳುವವಳು ನಾನು. ನನ್ನ ಮದುವೆಯ ಹಿಂದಿನ ರಾತ್ರಿ ಗಂಡಿನ ಕಡೆಯವರು ಸ್ಕೂಟರ್ ಕೇಳಿದ್ದು, ಅಪ್ಪ ಸಾಲಕ್ಕೆ ಮನೆಮನೆ ಅಲೆದದ್ದು, ಬೆಳಗ್ಗೆ ಧಾರೆ ಎರೆಯುವಾಗ ಅವರ ಕೈ ನಡುಗಿದ್ದು. ತಿರುಗಿ ಹೇಳುವಾಗ ಹೆಚ್ಚಿನವರಿಗೆ ಸ್ಕೂಟರ್ ನೆನಪಿರುತ್ತದೆ, ಆ ಕೈ ಬಿಟ್ಟುಹೋಗಿರುತ್ತದೆ. ನನಗೆ ನೋವಿರುವುದು ಅಲ್ಲಿ.

ಒಮ್ಮೆ, ಇಪ್ಪತ್ತು ವರ್ಷ ಸರ್ವೀಸಾದ ನರ್ಸೊಬ್ಬರು "ಇದು ಅಳುವ ಕಾರ್ಯಕ್ರಮ, ನಮಗೆ ಡ್ಯೂಟಿ ಇದೆ" ಎಂದು ಸಿಡುಕಿದರು. ಮಾತಿನಲ್ಲಿ ಹುರುಳಿತ್ತು. ಅಳಿಸುವುದೇ ತರಬೇತಿಯಾಗಬಾರದು. ಹಾಗಾಗಿ ನಮ್ಮಲ್ಲಿ ಬಲವಂತವಿಲ್ಲ, ಬಸ್ಸು ತಪ್ಪಿದ ಕತೆಯಾದರೂ ಆದೀತು. ಮೇಲಧಿಕಾರಿಗಳನ್ನು ಒಳಗೆ ಕೂರಿಸಿಕೊಳ್ಳುವುದೂ ಇಲ್ಲ. ಮಧ್ಯಾಹ್ನ ಅವರು ತಾವಾಗಿಯೇ ಅತ್ತೆಮನೆಯ ಒಂದು ಮಾತು ತೆಗೆದರು. ಎದುರಿದ್ದ ಹುಡುಗಿ, "ಮತ್ತೆ ಯಾಕೆ ಸುಮ್ಮನಿದ್ರಿ ಸಿಸ್ಟರ್?" ಎಂದುಬಿಟ್ಟಳು. ಇವರು ಅಲ್ಲಿಗೇ ನಿಲ್ಲಿಸಿದರು. ಬಹಳ ಹೊತ್ತಿನ ಮೇಲೆ, "ಈ ಪ್ರಶ್ನೆ ನಾನು ವಾರ್ಡಿನಲ್ಲಿ ದಿನಾ ಕೇಳ್ತೀನಿ" ಎಂದರು. ಅವತ್ತು ನಾನು ಬೇರೆ ಪಾಠ ಮಾಡಲಿಲ್ಲ.

ಕಾನೂನು ಮರುದಿನ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಬರೆಯುವ ವರದಿಗೆ ಯಾವಾಗ, ಎಲ್ಲಿ, ಯಾರು ಎಂಬ ವಿವರ ಬೇಕು. "ಯಾಕೆ ಸುಮ್ಮನಿದ್ದೆ" ಎಂದವರ ಮುಂದೆ ಬಾಯಿ ಮುಚ್ಚಿದರೆ ಆ ಕಾಲಂ ತುಂಬುವುದಾದರೂ ಹೇಗೆ? "ಆಮೇಲೆ ಏನಾಯ್ತಮ್ಮ?" ಎಂದರೆ ಮಾತು ಮುಂದುವರಿಯುತ್ತದೆ.

ನಿಮ್ಮ ಸಂಘದಲ್ಲೂ ಇದನ್ನು ಮಾಡಬಹುದು. ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಸಾಕು. ಅಲ್ಲಿ ಕೇಳಿದ್ದು ಬಾವಿಕಟ್ಟೆಗೆ ಹೋಗಬಾರದು. ಅವಳು ಒಪ್ಪಿದರೆ ಜೊತೆಗೆ ಕೂತು ಸಹಾಯವಾಣಿ 181ಕ್ಕೆ ಫೋನು ಮಾಡಿ.

ಈಗ ಪಕ್ಕದವರ ಕಡೆ ತಿರುಗಿ ಕೂತುಕೊಳ್ಳಿ. ನಾನು ಗಡಿಯಾರ ನೋಡುತ್ತಿರುತ್ತೇನೆ.