ಉಪ್ಪಿನ ಹರಳಿನೊಳಗಿನ ಅಳತೆ



ಅಡಿಗೆಮನೆಯ ಹರಳುಪ್ಪಿನ ಒಂದು ತುಣುಕನ್ನು ಅಂಗೈಯಲ್ಲಿಟ್ಟು ಭೂತಗನ್ನಡಿಯಿಂದ ನೋಡಿ. ಅಂಚುಗಳು ನೇರ, ಮೂಲೆಗಳು ಲಂಬ. ಒಡೆದರೆ ಬರುವ ಚೂರುಗಳಲ್ಲೂ ಅದೇ ಚೌಕದ ರೂಪು ಕಾಣುತ್ತದೆ. ಗಾಜನ್ನು ಒಡೆದರೆ ಹೀಗಾಗುವುದಿಲ್ಲ. ಏಕೆ?

ಉಪ್ಪಿನೊಳಗೆ ಧನ ವಿದ್ಯುದಂಶದ ಸೋಡಿಯಂ ಅಯಾನುಗಳೂ ಋಣ ವಿದ್ಯುದಂಶದ ಕ್ಲೋರಿನ್ ಅಯಾನುಗಳೂ ಒಂದು ಬಿಟ್ಟು ಒಂದರಂತೆ ಸಾಲುಗಟ್ಟಿವೆ. ಎಡಬಲ, ಹಿಂದೆಮುಂದೆ, ಮೇಲೆಕೆಳಗೆ, ಮೂರು ದಿಕ್ಕಿನಲ್ಲೂ ಅದೇ ಕ್ರಮ. ಏಟು ಬಿದ್ದಾಗ ಹರಳು ಈ ಸಾಲುಗಳ ಸಮತಲದ ಗುಂಟ ಸೀಳುತ್ತದೆ. ಗಾಜಿನಲ್ಲಿ ಇಂತಹ ಉದ್ದಕ್ಕೂ ಸಾಗುವ ಕ್ರಮವಿಲ್ಲ.

ಅಕ್ಕಪಕ್ಕದ ಅಯಾನುಗಳ ನಡುವಿನ ದೂರವೆಷ್ಟು? ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಮೋಲ್ ಉಪ್ಪಿನ ತೂಕ 58.44 ಗ್ರಾಂ. ಸಾಂದ್ರತೆ ಘನ ಸೆಂಟಿಮೀಟರಿಗೆ 2.16 ಗ್ರಾಂ. ಭಾಗಿಸಿದರೆ ಗಾತ್ರ ಸುಮಾರು 27 ಘನ ಸೆಂಟಿಮೀಟರ್. ಅದರಲ್ಲಿ ಎರಡೂ ಬಗೆಯವು ಸೇರಿ 12.04 × 10²³ ಅಯಾನುಗಳು. ಒಂದೊಂದಕ್ಕೂ ಒಂದು ಪುಟ್ಟ ಘನಾಕೃತಿಯ ಜಾಗ ಕೊಟ್ಟು, ಅದರ ಗಾತ್ರದ ಘನಮೂಲ ತೆಗೆಯಿರಿ. ಉತ್ತರ 2.82 × 10⁻⁸ ಸೆಂಟಿಮೀಟರ್, ಅಂದರೆ 2.82 ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರ್ ಉದ್ದದ ಅಂಚಿನಲ್ಲಿ ಸುಮಾರು 35 ಲಕ್ಷ ಅಯಾನುಗಳು!

ಇವನ್ನು ನಮ್ಮ ಕ್ಯಾಮೆರಾ ತೋರಿಸಲಾರದು. ಕಣ್ಣಿಗೆ ಕಾಣುವ ಬೆಳಕಿನ ಅತಿ ಚಿಕ್ಕ ಅಲೆಯುದ್ದವೇ ಸುಮಾರು 4000 ಆಂಗ್‌ಸ್ಟ್ರಾಮ್. ಆದರೆ ಕ್ಷ-ಕಿರಣಗಳ ಅಲೆಯುದ್ದ ಈ ದೂರಕ್ಕೆ ಸರಿಸಮವಾದದ್ದು. ಹರಳಿನ ಮೂಲಕ ಹಾಯುವಾಗ ಅವು ಚದುರಿ ಚುಕ್ಕಿಗಳ ವಿನ್ಯಾಸ ಮೂಡಿಸುತ್ತವೆ ಎಂಬುದು 1912ರಲ್ಲಿ ಜರ್ಮನಿಯ ಲಾವೆಯವರ ಸೂಚನೆಯಂತೆ ನಡೆದ ಪ್ರಯೋಗದಿಂದ ತಿಳಿಯಿತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಬ್ರಾಗ್ ತಂದೆ-ಮಗ ಉಪ್ಪಿನ ರಚನೆಯನ್ನು ಬಿಡಿಸಿದರು. ದೂರವನ್ನು ಅವರು ಪಡೆದದ್ದೂ ನೀವು ಈಗ ಮಾಡಿದಂತಹ ಲೆಕ್ಕದಿಂದಲೇ. 1915ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಾಗ ಮಗ ಲಾರೆನ್ಸ್‌ಗೆ ವಯಸ್ಸು 25.

ಎಲ್ಲರೂ ಒಪ್ಪಿದರೆಂದುಕೊಳ್ಳಬೇಡಿ. ಈ ರಚನೆಯಲ್ಲಿ ಪ್ರತಿ ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ. ಯಾವುದು ಯಾವುದರ ಜೋಡಿ? ಹರಳಿನಲ್ಲಿ 'ಉಪ್ಪಿನ ಅಣು' ಎಂಬುದೇ ಇಲ್ಲವೆಂದಾಯಿತು! ಹಿರಿಯ ರಸಾಯನವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ 'ನೇಚರ್' ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಆಕ್ಷೇಪಿಸಿದರು. ಆದರೆ ಚುಕ್ಕಿಗಳ ಸಾಕ್ಷ್ಯ ಗೆದ್ದಿತು.

ಆದ್ದರಿಂದ ಸೋಡಿಯಂ ಕ್ಲೋರೈಡ್ ಸೂತ್ರವನ್ನು ಮುಂದೆ ಬರೆಯುವಾಗ ನೆನಪಿಡಿ: ಘನ ಉಪ್ಪಿನಲ್ಲಿ ಅದು ಜೋಡಿಯ ಹೆಸರಲ್ಲ, ಒಂದಕ್ಕೊಂದು ಎಂಬ ಪ್ರಮಾಣ ಮಾತ್ರ.